ಬಲಗಾಲು ಮೊದಲು

ನಮ್ಮ ಮಾವ ತಮ್ಮ ಕಾಲನ್ನು ತಾವೇ ನೆಟ್ಟಗೆ ನೋಡಿಕೊಂಡವರಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ, ಅವರ ಕಸುಬೇ ಹಾಗೆ. ಮೊಳಕಾಲ್ಮೂರಿನಲ್ಲಿ ಗುಂಡಿ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುವವರ ಕಾಲು ಬೆಳಗಿನಿಂದ ಸಂಜೆಯವರೆಗೆ ನೆಲದೊಳಗಿನ ಗುಂಡಿಯಲ್ಲಿರುತ್ತದೆ. ಕಣ್ಣು ಎಳೆಯ ಮೇಲೆ, ಕೈ ಲಾಳಿಯ ಮೇಲೆ. ಕೆಳಗೆ ಕತ್ತಲಲ್ಲಿ ಹಲಗೆ ತುಳಿಯುವ ಕಾಲಿನ ಸುದ್ದಿ ಯಾರಿಗೂ ಬೇಕಿರುವುದಿಲ್ಲ. ಅದು ತನ್ನ ಪಾಡಿಗೆ ತುಳಿಯುತ್ತಿದ್ದರೆ ಸಾಕು.

ನಾನು ಇದೇ ಸೀಮೆಯ ಸಿದ್ದಾಪುರದ ಕಡೆಯ ರೈತರ ಮನೆಯಿಂದ ಸೊಸೆಯಾಗಿ ಬಂದವಳು. ಶೇಂಗಾ ಬಿಡಿಸುವುದು ಗೊತ್ತಿತ್ತು, ರೇಷ್ಮೆ ಮುಟ್ಟಿ ಗೊತ್ತಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಅಂಚಿನ ಲಾಳಿ ಎಸೆಯಲು ಮಾವನ ಪಕ್ಕದಲ್ಲಿ ಕೂರುವವರು ಇಲ್ಲವಾದರು, ನಾನು ಕೂತೆ. ಮೊದಲ ದಿನ ಗಡಿಬಿಡಿಯಲ್ಲಿ ಎಡಗಾಲು ಮುಂದಿಟ್ಟು ಗುಂಡಿಗೆ ಇಳಿದೆ. ಮಾವ ಲಾಳಿ ಕೆಳಗಿಟ್ಟು ಕೂತರು. ಒಂದು ನಿಮಿಷ, ಎರಡು ನಿಮಿಷ. ಕೊನೆಗೆ ನನಗೇ ಹೊಳೆಯಿತು. ಎದ್ದು ಮೇಲೆ ಬಂದು, ಬಲಗಾಲು ಮುಂದಿಟ್ಟು ಮತ್ತೆ ಇಳಿದೆ. ಆಗ ಲಾಳಿ ಕೈಗೆ ತೆಗೆದುಕೊಂಡರು.

ಹೊಸ್ತಿಲಿಗೂ ಬಲಗಾಲು, ಬಸ್ಸಿನ ಮೆಟ್ಟಿಲಿಗೂ ಬಲಗಾಲು. ಒಮ್ಮೆ ಚಳ್ಳಕೆರೆ ಬಸ್ಸು ಹತ್ತುವಾಗ ಎಡಗಾಲು ಮೊದಲು ಬಿತ್ತೆಂದು ಇಳಿದು ಮತ್ತೆ ಹತ್ತಿದ್ದರು, ಕಂಡಕ್ಟರ್ ಬೈದದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡು. ನಾನು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಿದ್ದೆ. ಆ ನಗು ಆಮೇಲೆ ನನಗೇ ದುಬಾರಿಯಾಯಿತು.

ಹೋದ ವರ್ಷ ಶೇಂಗಾ ಕೀಳುವ ಕಾಲ. ಸೀರೆ ಮುಗಿದು ಮಗ್ಗದಿಂದ ಇಳಿಸಿದ ದಿನ ಗುಂಡಿ ಗುಡಿಸುವುದು ನನ್ನ ಪಾಲಿನ ಕೆಲಸ. ತುಳಿಯುವ ಹಲಗೆಯ ಮೇಲೆ ಬೆರಳಗಲ ಕಪ್ಪು ಕಲೆ ಕಂಡಿತು. ನೂಲಿನ ಬಣ್ಣವಿರಬೇಕು ಎಂದು ಒದ್ದೆ ಬಟ್ಟೆಯಲ್ಲಿ ತಿಕ್ಕಿದೆ. ಬಟ್ಟೆ ಕೆಂಪಾಯಿತು.

"ಮಾವ, ಕಾಲಿಗೆ ಏನಾಗೈತ್ರಿ?"

"ಏನಾಗೈತೆ? ಏನಿಲ್ಲ."

"ತೋರ್ಸ್ರಿ ಇಲ್ಲಿ."

"ಸೊಸೆ ಮುಂದೆ ಕಾಲು ಚಾಚಾದಾ? ಹೋಗವ್ವ, ಕೆಲ್ಸ ನೋಡು."

ನನ್ನ ಬಾಯಿ ಸ್ವಲ್ಪ ಜೋರು, ಬೀದಿಗೆಲ್ಲ ಗೊತ್ತು. ಕಾಲು ತೋರಿಸುವವರೆಗೂ ಮುದ್ದೆ ಬೇಯಿಸುವುದಿಲ್ಲ ಎಂದೆ. ತೋರಿಸಿದರು. ಎಡಗಾಲಿನ ಹೆಬ್ಬೆರಳ ಅಡಿಯಲ್ಲಿ ಜಾಲಿ ಮುಳ್ಳು ಮುರಿದು ಒಳಗೇ ಕೂತಿತ್ತು. ಸುತ್ತ ಕಪ್ಪು, ನಡುವೆ ತೂತು. ಉಗುರು ಸಹ ಕಪ್ಪಾಗಿತ್ತು. ಎಷ್ಟು ದಿನವಾಗಿತ್ತೋ ಏನೋ. "ನೋವೇ ಇಲ್ಲ ಕಣವ್ವ, ಸುಳ್ಳು ಯಾಕೆ ಹೇಳ್ಲಿ" ಎಂದರು. ಅವರು ಸುಳ್ಳು ಹೇಳುವವರಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ.

ಮಾವನಿಗೆ ಮೊದಲಿಂದ ಸಕ್ಕರೆ ಕಾಯಿಲೆ. ಚಳ್ಳಕೆರೆಯಲ್ಲಿ ಅದನ್ನು ನೋಡುವ ಡಾಕ್ಟ್ರಮ್ಮ ಒಬ್ಬರಿದ್ದಾರೆ. ನನ್ನ ಗಂಡ ಅಲ್ಲಿಯ ಎಣ್ಣೆ ಮಿಲ್ಲಿಗೆ ಟೆಂಪೋ ಓಡಿಸುತ್ತಾರೆ, ಅವರ ಗಾಡಿಯಲ್ಲೇ ಮಾವನನ್ನು ಕೂರಿಸಿಕೊಂಡು ಹೋದೆವು. ಡಾಕ್ಟ್ರಮ್ಮ ಮಾವನಿಗೆ ಕಣ್ಣು ಮುಚ್ಚಲು ಹೇಳಿ, ಕಡ್ಡಿಗೆ ಸಿಕ್ಕಿಸಿದ ಒಂದು ಸಣ್ಣ ನೈಲಾನ್ ಎಳೆಯನ್ನು ಪಾದದ ಮೇಲೆ ಅಲ್ಲಲ್ಲಿ ಒತ್ತಿದರು. "ಗೊತ್ತಾಗುತ್ತಾ? ಈಗ? ಇಲ್ಲಿ?" ಮಾವ ಪ್ರತಿ ಸಲವೂ ಇಲ್ಲವೆಂದು ತಲೆಯಾಡಿಸಿದರು. ಕತ್ತಲಲ್ಲಿ ಕೈಗಿಟ್ಟರೂ ರೇಷ್ಮೆ ಎರಡೆಳೆಯದೋ ಮೂರೆಳೆಯದೋ ಹೇಳುವ ಮನುಷ್ಯನಿಗೆ ಕಾಲಿಗೆ ಒತ್ತಿದ, ರೇಷ್ಮೆಗಿಂತ ದಪ್ಪದ ಎಳೆ ಗೊತ್ತಾಗಲಿಲ್ಲ. ನಾನು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಡಾಕ್ಟ್ರಮ್ಮ ಮುಳ್ಳು ತೆಗೆದು ಪಟ್ಟಿ ಕಟ್ಟಿದರು, ಏನನ್ನೂ ಮುಚ್ಚಿಡಲಿಲ್ಲ. "ಯಜಮಾನ್ರೇ, ಸಕ್ಕರೆ ನಿಮ್ಮ ಕಾಲಿನ ನರ ತಿಂದಿದೆ. ಗಾಯ ಆಗಿದೆ ಅಂತ ನೋವು ಇನ್ನು ನಿಮಗೆ ಹೇಳಲ್ಲ. ಗಾಯ ಮೂಳೆ ಮುಟ್ಟಿದರೆ ಬೆರಳು ತೆಗೀಬೇಕಾಗುತ್ತೆ. ಮಾಗೋವರೆಗೂ ಮಗ್ಗ ತುಳೀಬಾರ್ದು, ಮಾಗುತ್ತಾ ಇದೆಯಾ ಇಲ್ಲವಾ ಅಂತ ದಿನಾ ನೋಡ್ಬೇಕು."

ಮಾವ ಕೇಳಿದ್ದು ಒಂದೇ ಮಾತು. "ಹೆಬ್ಬೆಟ್ಟಿಲ್ದೆ ಹಲಗೆ ತುಳಿಯಾಕಾಗುತ್ತಾ ತಾಯಿ?"

ತುಳಿಯುವುದು ಅಂದರೆ ಹೇಗೆ, ಯಾವ ಬೆರಳ ಮೇಲೆ ಭಾರ ಬೀಳುತ್ತದೆ ಎಂದು ಡಾಕ್ಟ್ರಮ್ಮ ಕೇಳಿದರು. ಮಾವ ಕುರ್ಚಿಯಲ್ಲಿ ಕೂತಲ್ಲೇ ತುಳಿದು ತೋರಿಸಿದರು. ಆಕೆ ಬಗ್ಗಿ ಕೂತು ನೋಡಿದರು, ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದರೂ. ಮೊದಲ ದಿನವೇ ನನಗೆ ಆಕೆಯ ಮೇಲೆ ಗೌರವ ಬಂದದ್ದು ಆ ಬಗ್ಗಿದ ಬೆನ್ನು ಕಂಡು.

ದಿನಾ ನೋಡಬೇಕೆಂದರೆ ದಿನಾ ಚಳ್ಳಕೆರೆಗೆ ಬರುವುದು ಹೇಗೆ? ಮಧ್ಯೆ ತಳಕಿನಲ್ಲಿ ಬಸ್ಸು ನಿಂತು ಕಾದು, ಹೋಗಿ ಬರುವಷ್ಟರಲ್ಲಿ ದಿನವೇ ಮುಗಿಯುತ್ತದೆ. ಅದಕ್ಕೂ ಡಾಕ್ಟ್ರಮ್ಮನ ಹತ್ತಿರ ದಾರಿಯಿತ್ತು. ಕ್ಲಿನಿಕ್ಕಿನ ಸಿಸ್ಟರ್ ಒಬ್ಬಳು, ತಳಕಿನ ಕಡೆಯ ಹುಡುಗಿ, ನನ್ನ ಫೋನು ಇಸಿದುಕೊಂಡು ಅವರ ಆ್ಯಪ್ ಹಾಕಿಕೊಟ್ಟಳು. ಎಲ್ಲಾ ಕನ್ನಡದಲ್ಲೇ ಇತ್ತು. ಮಾತ್ರೆ ಹೊತ್ತಿಗೆ ಸರಿಯಾಗಿ ಅದು ಕೂಗುತ್ತದೆ. ಬೆರಳು ಚುಚ್ಚಿ ನೋಡಿದ ಸಕ್ಕರೆ ಲೆಕ್ಕ ಅದರಲ್ಲಿ ಬರೆಯಬೇಕು. ದಿನಕ್ಕೊಂದು ಸಲ ಗಾಯದ ಫೋಟೋ ತೆಗೆದರೆ ಅದು ಡಾಕ್ಟ್ರಮ್ಮನ ಮುಂದೆ ಹೋಗಿ ಕೂರುತ್ತದೆ, ಹೋದ ತಕ್ಷಣ 'ಧನ್ಯವಾದ, ನಾಳೆ ಸಿಗೋಣ' ಎಂದು ಬರುತ್ತದೆ. ಏನಾದರೂ ಕೇಳಬೇಕೆಂದರೆ ಬರೆದು ಕೇಳಬಹುದು, ಬರೆಯಲು ಬಾರದವರು ಮಾತಾಡಿ ಕಳಿಸಬಹುದು.

ಇಂಥವುಗಳ ಮೇಲೆ ನನಗೆ ನಂಬಿಕೆ ಕಡಿಮೆ. ಆ ಅಪನಂಬಿಕೆ ಎಂಟು ದಿನದಲ್ಲಿ ಬುಡಮೇಲಾಯಿತು. ಬೆಳಿಗ್ಗೆ ಫೋಟೋ ಹೋದರೆ ಮಧ್ಯಾಹ್ನದೊಳಗೆ ಉತ್ತರ. 'ಪಟ್ಟಿ ಇಷ್ಟು ಬಿಗಿ ಬೇಡ.' 'ಇವತ್ತು ಒಳಗೆ ಹೊಸ ಕೆಂಪು ಮಾಂಸ ಕಾಣುತ್ತಿದೆ, ಇದು ಒಳ್ಳೇ ಲಕ್ಷಣ.' 'ನಿನ್ನೆ ಸಂಜೆ ಏನು ತಿಂದರು? ನಿಜ ಹೇಳಿ.' ಹೋಳಿಗೆ ತಿಂದಿದ್ದರು. ಅಷ್ಟು ದೂರದಲ್ಲಿ ಕೂತವರಿಗೆ ನಮ್ಮ ಮನೆಯ ಹೋಳಿಗೆ ಗೊತ್ತಾಯಿತಲ್ಲ ಎಂದು ಮಾವ ಬೆಚ್ಚಿಬಿದ್ದರು. ನಾನು ಬೀದಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದೆ. ಸ್ವಲ್ಪ ಹೆಚ್ಚೇ ಹೇಳಿಕೊಂಡೆ ಅನ್ನಿ.

ಆದರೆ ಫೋಟೋ ತೆಗೆಯುವುದೆಂದರೆ ಮಾವನಿಗೆ ದಿನಾ ಒಂದು ಸಂಕಟ. ಆ್ಯಪಿನ ಮೇಲ್ಭಾಗದಲ್ಲಿ ಡಾಕ್ಟ್ರಮ್ಮನ ಪುಟ್ಟ ಫೋಟೋ ಇತ್ತು. "ಅವ್ರ ಮಕ ಅಲ್ಲೈತೆ, ನಾನು ಕಾಲು ಎತ್ತಿ ಹಿಡಿಯಾದಾ? ನಮಗೆ ಜೀವ ಕೊಡಾಕೆ ಬಂದೋರ್ಗೆ?" ಎನ್ನುವರು. ನಾನು ಹೆಬ್ಬೆರಳಿನಿಂದ ಡಾಕ್ಟ್ರಮ್ಮನ ಮುಖ ಮುಚ್ಚಿಕೊಂಡರೇ ಅವರು ಕಾಲು ಚಾಚುವುದು. ಚಾಚಿ ಮುಖ ಆ ಕಡೆ ತಿರುಗಿಸುವರು. ಗಾಯವನ್ನು ಅವರು ಒಂದು ದಿನವೂ ನೋಡಲಿಲ್ಲ.

ಹತ್ತು ದಿನ ಕಳೆದಿರಬೇಕು. ಗಾಯ ಚೂರು ಚೂರೇ ಮಾಗುತ್ತಿತ್ತು. ಅಷ್ಟರಲ್ಲಿ ತವರಿನಿಂದ ಕರೆ ಬಂತು, ನಮ್ಮವ್ವನ ಕಣ್ಣಿಗೆ ಪೊರೆ ತೆಗೆಸುವುದು, ಐದಾರು ದಿನ ನಾನು ಹತ್ತಿರ ಇರಬೇಕು. ಗಂಡ ಬೆಳಗಾಗುವ ಮೊದಲೇ ಗಾಡಿ ತೆಗೆಯುವವರು, ಮಗಳು ಚಿತ್ರದುರ್ಗದ ಹಾಸ್ಟೆಲಿನಲ್ಲಿ. ಗಂಡನ ಹಳೆಯ ಟಚ್ ಫೋನಿನಲ್ಲೂ ಅದೇ ಆ್ಯಪ್ ಹಾಕಿ ಮಾವನ ಕೈಗೆ ಕೊಟ್ಟೆ. ಎಲ್ಲಿ ಒತ್ತಬೇಕು, ಎಷ್ಟು ದೂರ ಹಿಡಿಯಬೇಕು, ಪಟ್ಟಿ ಹೇಗೆ ಕಟ್ಟಬೇಕು, ಎಲ್ಲಾ ಎರಡೆರಡು ಸಲ ಹೇಳಿದೆ. "ಸರಿ ಕಣವ್ವ, ಸೀರೆ ನೇಯೋನಿಗೆ ಇದೇನು ದೊಡ್ಡದು" ಎಂದರು. ಯಾವ ಕಾಲು ಎಂದು ನಾನು ಹೇಳಲಿಲ್ಲ. ಗಾಯ ಇರುವ ಕಾಲನ್ನು ತೋರಿಸಿ ಎಂದು ಯಾರಿಗಾದರೂ ಹೇಳಬೇಕಾಗುತ್ತದೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ತವರಿನಲ್ಲಿ ಅವ್ವನ ಕಣ್ಣಿಗೆ ಹನಿ ಹಾಕುತ್ತ, ದಿನಾ ಬೆಳಿಗ್ಗೆ ನನ್ನ ಫೋನು ತೆರೆದು ಮಾವ ಕಳಿಸಿದ ಫೋಟೋ ನೋಡುತ್ತಿದ್ದೆ. ಮೊದಲ ದಿನದ್ದು ಮಸುಕು, ಏನೂ ತಿಳಿಯಲಿಲ್ಲ. ಎರಡನೆಯ ದಿನ ಹೆಬ್ಬೆರಳು ಎಷ್ಟು ಚೊಕ್ಕಟವಾಗಿತ್ತೆಂದರೆ ನನಗೆ ನಂಬಲಾಗಲಿಲ್ಲ. ಮೂರನೆಯ ದಿನವೂ ಹಾಗೇ. ಡಾಕ್ಟ್ರಮ್ಮನಿಂದ ಸಂದೇಶ ಬಂತು. 'ಗಾಯ ಚೆನ್ನಾಗಿ ಮಾಗಿದೆ. ಪಟ್ಟಿ ಬೇಡ, ಗಾಳಿಗೆ ಬಿಡಿ.' ನಾನು ಕುಣಿದದ್ದೊಂದೇ ಬಾಕಿ. ಅವ್ವನ ಬಾಯಿಗೆ ಬೆಲ್ಲ ಹಾಕಿದೆ. ಆ ಕಾಲಿಗೆ ಹತ್ತು ದಿನ ಪಟ್ಟಿ ಕಟ್ಟಿದವಳು ನಾನು. ಆ ಬೆರಳಿನ ಒಂದೊಂದು ಗೆರೆ ಗೊತ್ತಿತ್ತು ನನಗೆ. ಆದರೂ ನನಗೆ ಬೇಕಾದದ್ದನ್ನು ಮಾತ್ರ ನಾನು ನೋಡಿದೆ. ಈ ಮಾತು ಬರೆಯುವಾಗಲೂ ಕೆನ್ನೆ ಬಿಸಿಯಾಗುತ್ತದೆ.

ಐದನೆಯ ದಿನ ಮಧ್ಯಾಹ್ನ ಕ್ಲಿನಿಕ್ಕಿನಿಂದ ಫೋನು ಬಂತು. ಆ ತಳಕಿನ ಸಿಸ್ಟರ್.

"ಅಕ್ಕ, ನಿಮ್ ಮಾವ್ನೋರ್ದು ಗಾಯ ಯಾವ ಕಾಲಿಗೆ?"

"ಎಡಗಾಲು. ಯಾಕವ್ವ?"

ಆಕೆ ಮೆಲ್ಲಗೆ ಹೇಳಿದಳು. ಆ್ಯಪಿನಲ್ಲಿ ಹಳೇ ಫೋಟೋ ಒಂದು ಕಡೆ, ಹೊಸದು ಒಂದು ಕಡೆ ಇಟ್ಟು ನೋಡುವ ಏರ್ಪಾಟಿದೆಯಂತೆ. ವಾರದ ಕೊನೆಗೆ ಎಲ್ಲರ ಫೋಟೋಗಳನ್ನು ಹಾಗೆ ಇಟ್ಟು ನೋಡುವುದು ಅವಳ ಕೆಲಸವಂತೆ. "ಹೋದ್ ವಾರ ಉಗುರು ಕಪ್ಪಿತ್ತಕ್ಕ. ಈಗ ಬೆಳ್ಳಗೈತೆ. ಗಾಯ ಮಾಗ್ಬೋದು, ಕಪ್ಪುಗುರು ಐದು ದಿನಕ್ಕೆ ಬೆಳ್ಳಗಾಗಾಕಿಲ್ಲ. ಇದು ಬೇರೆ ಕಾಲು."

ಮಾವನಿಗೆ ಫೋನು ಹಚ್ಚಿದೆ. ಮಗ್ಗದ ಸದ್ದು ಕೇಳುತ್ತಿತ್ತು. ಗಾಯ ಮಾಗಿತೆಂದು ಡಾಕ್ಟ್ರಮ್ಮನೇ ಹೇಳಿದ ಮೇಲೆ ಪಟ್ಟಿ ಬಿಚ್ಚಿ, ಕಾಲನ್ನು ಮತ್ತೆ ಗುಂಡಿಗೆ ಇಳಿಸಿಬಿಟ್ಟಿದ್ದರು. ಪಕ್ಕದ ಮನೆಯ ಹುಡುಗನನ್ನು ಅಂಚಿನ ಲಾಳಿಗೆ ಕೂರಿಸಿಕೊಂಡು ಎರಡು ದಿನದಿಂದ ತುಳಿಯುತ್ತಿದ್ದರು. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಮಾವನಿಗೆ ಹಾಗೆ ಮಾತಾಡಬಾರದು, ಆಡಿದೆ. ಆ ಕಡೆ ಮಗ್ಗದ ಸದ್ದು ನಿಂತಿತು.

ಗಂಡ ಅರ್ಧ ದಾರಿಯಿಂದಲೇ ಗಾಡಿ ತಿರುಗಿಸಿ ಅಪ್ಪನನ್ನು ಕರೆದುಕೊಂಡು ಬಂದರು. ನಾನು ಸಿದ್ದಾಪುರದಿಂದ ನೇರ ಚಳ್ಳಕೆರೆಗೆ ಹೋದೆ. ಕ್ಲಿನಿಕ್ಕಿನ ಬಾಗಿಲಲ್ಲಿ ಮಾವ ಹೊಸ ಪಂಚೆ ಉಟ್ಟು ಕೂತಿದ್ದರು. ನನ್ನನ್ನು ಕಂಡು ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ.

ಡಾಕ್ಟ್ರಮ್ಮ ಕಾಲು ಎತ್ತಿ ಹಿಡಿದು ನೋಡಿದರು. ಮಾಗುತ್ತಿದ್ದ ಗಾಯ ಮತ್ತೆ ಬಾಯಿ ತೆರೆದಿತ್ತು. ಒಂದು ಸಣ್ಣ ಕಡ್ಡಿ ಒಳಗೆ ಹಾಕಿ ಮೂಳೆ ತಾಗುತ್ತದೆಯೇ ಎಂದು ನೋಡಿದರು. ಕಡ್ಡಿ ಹೊರಗೆ ತೆಗೆದು, ಬೆಳಕಿಗೆ ಹಿಡಿದು, "ಇನ್ನೂ ಮುಟ್ಟಿಲ್ಲ" ಎಂದರು. "ಇನ್ನೆರಡು ದಿನ ಬಿಟ್ಟಿದ್ದರೆ ಈ ಮಾತು ಹೇಳೋಕಾಗ್ತಿರಲಿಲ್ಲ."

ಆಮೇಲೆ ಕುರ್ಚಿ ಎಳೆದುಕೊಂಡು ಮಾವನ ಎದುರಿಗೆ ಕೂತರು. "ಯಜಮಾನ್ರೇ, ಬೈಯೋಕಲ್ಲ, ತಿಳ್ಕೊಳ್ಳೋಕೆ ಕೇಳ್ತೀನಿ. ಬಲಗಾಲು ಯಾಕೆ ಕಳಿಸಿದ್ರಿ?"

ಮಾವ ಟವೆಲ್ಲಿನ ಅಂಚು ಮುದುರಿದರು. ಆಂಧ್ರದ ಗಡಿಯ ಮೊಳಕಾಲ್ಮೂರಿನವರಾದ್ದರಿಂದ ಮುಜುಗರವಾದಾಗ ಅವರ ಬಾಯಿಗೆ ತೆಲುಗು ಬರುತ್ತದೆ. "ಏಮಿ ಚೆಪ್ಪೇದಿ", ಏನಂತ ಹೇಳಲಿ, ಎಂದು ತಮ್ಮಷ್ಟಕ್ಕೆ ಗೊಣಗಿದರು. ಆಮೇಲೆ ಹೇಳಿದರು.

"ತಾಯಿ, ಅದ್ರಲ್ಲಿ ನಿಮ್ ಮಕ ಐತೆ. ನಮ್ ಸೊಸೆ ಇದ್ರೆ ಬೆಟ್ಟು ಅಡ್ಡ ಇಡ್ತಿದ್ಲು. ನಾನೊಬ್ನೇ. ನಿಮ್ ಮುಂದೆ ಮೊದ್ಲಿಗೇ ಎಡಗಾಲು ಹೆಂಗೆ ಇಡ್ಲಿ? ಬಲಗಾಲು ಇಟ್ಟು ತೆಗ್ದೆ. ಆಮ್ಯಾಲೆ ಎಡಗಾಲು ತೆಗ್ಯಾಣ ಅಂತಿದ್ದೆ. ಅಷ್ಟ್ರಾಗೆ ಅದು 'ಧನ್ಯವಾದ, ನಾಳೆ ಸಿಗೋಣ' ಅಂದ್ಬಿಡ್ತು. ನಾಳೆ ಸಿಗಾಣ ಅಂದೋರ್ನ ಮತ್ತೆ ಕೂಗಾದು ಹೆಂಗೆ? ಮಾರ್ನೇ ದಿನಾನೂ ಹಂಗೇ ಆತು. ನೀವೇ ಮಾಗೈತೆ ಅಂದ್ರಿ. ದೊಡ್ಡೋರು, ನನಗೆ ಕಾಣದ್ದು ನಿಮಗೆ ಕಂಡಿರ್ಬೇಕು ಅಂದ್ಕಂಡೆ."

ನಾನು ಬಾಯಿ ತೆರೆಯಲು ಹೋದೆ. ಡಾಕ್ಟ್ರಮ್ಮ ಕೈ ಎತ್ತಿ ತಡೆದರು. ನಾನು ಯಾವ ದೊಡ್ಡ ಮನುಷ್ಯರ ಬಾಯಲ್ಲೂ ಕೇಳದ ಮಾತು ಹೇಳಿದರು.

"ತಪ್ಪು ನಿಮ್ಮದಲ್ಲ. ಎಡಗಾಲೋ ಬಲಗಾಲೋ ನಾನು ನೋಡಬೇಕಿತ್ತು, ನೋಡಲಿಲ್ಲ. ಈ ಹುಡುಗಿ ನೋಡಿದಳು." ಸಿಸ್ಟರಿನ ಕಡೆ ತಿರುಗಿ, "ಇವಳಿಗೆ ಕೈ ಮುಗೀರಿ, ನನಗಲ್ಲ."

ಮಾವ ನಿಜವಾಗಿ ಎದ್ದು ಆ ಹುಡುಗಿಗೆ ಕೈ ಮುಗಿಯಲು ಹೋದರು. ಆಕೆ ಗಾಬರಿಯಾಗಿ, "ಅಯ್ಯೋ ತಾತ, ಕುಂತ್ಕಳ್ರಿ, ಕಾಲೂರ್ಬ್ಯಾಡ್ರಿ" ಎಂದು ಹಿಂದಕ್ಕೆ ಸರಿದಳು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು.

ಮೂರು ತಿಂಗಳು ಮಗ್ಗ ನಿಂತಿತ್ತು. ಮಾವ ಅಷ್ಟು ದಿನವೂ ಕಾಲು ನೆಲಕ್ಕೆ ಊರದೆ, ಕಟ್ಟೆಯ ಮೇಲೆ ಕೂತು ನೂಲು ಸುತ್ತಿದರು. ನಾನು ದಿನಾ ಎಡಗಾಲಿನ ಫೋಟೋ ತೆಗೆದೆ. ಡಾಕ್ಟ್ರಮ್ಮ ವಾರಕ್ಕೊಮ್ಮೆ ವಿಡಿಯೋದಲ್ಲಿ ಬರುತ್ತಿದ್ದರು. ಮೊದಲು ಕಾಲಿನ ಮಾತಲ್ಲ, "ಇವತ್ತು ಯಾವ ಬಣ್ಣದ ನೂಲು?" ಎಂದು ಕೇಳುತ್ತಿದ್ದರು. ಮಾವ ನೂಲು ಸುತ್ತಿದ ಕಂಡಿಕೆ ಎತ್ತಿ ತೋರಿಸುವರು. ಆ ಖುಷಿಯಲ್ಲಿ, ಪಕ್ಕದಲ್ಲಿ ನಾನು ಹಿಡಿದ ಕಾಲಿನ ಕಡೆ ಅವರ ಗಮನವೇ ಇರುತ್ತಿರಲಿಲ್ಲ. ಮಾವನ ಸಂಕೋಚಕ್ಕೆ ಆಕೆ ಹುಡುಕಿದ ಮದ್ದು ಅದು ಎಂದು ನನಗೆ ಎಷ್ಟೋ ದಿನದ ಮೇಲೆ ಹೊಳೆಯಿತು. ಬೆರಳು ಉಳಿಯಿತು. ಅಡಿಯಲ್ಲಿ ಒಂದು ಗುಳಿ ಬಿದ್ದಿದೆ, ಅಷ್ಟೇ.

ಇದಿಷ್ಟೇ ಆಗಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲವೇನೋ. ಮಗ್ಗಕ್ಕೆ ಮತ್ತೆ ಇಳಿಯಬಹುದು, ಆದರೆ ದಿನಾ ಇಳಿಯುವ ಮೊದಲು ಫೋಟೋ ಕಳಿಸಲೇಬೇಕು ಎಂದು ಡಾಕ್ಟ್ರಮ್ಮ ಒಪ್ಪಿಗೆ ಕೊಟ್ಟರು. ಮತ್ತೆ ಮಗ್ಗಕ್ಕೆ ಇಳಿಯುವ ದಿನ ಬೆಳಿಗ್ಗೆ ನಾನು ಫೋನು ತೆರೆದರೆ ಆ್ಯಪ್ ಬದಲಾಗಿತ್ತು. ಡಾಕ್ಟ್ರಮ್ಮನ ಫೋಟೋ ಮೊದಲ ಪುಟದಲ್ಲೇ ಉಳಿದು, ಕಾಲು ತೋರಿಸುವ ಪುಟದಲ್ಲಿ ಇರಲಿಲ್ಲ. ಅಲ್ಲಿ ಖಾಲಿ ಚೌಕ, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು. ಸಿಸ್ಟರಿಗೆ ಫೋನು ಮಾಡಿದೆ.

"ಹೂಂ ಅಕ್ಕ, ಮೇಡಂ ಬರೆಸಿದ್ದು. ಆ್ಯಪಿನೋರ್ ಜೊತೆ ಎಷ್ಟು ದಿನ ಜಗಳ ಆಡಿದ್ರು ಗೊತ್ತಾ? ಒಂದೇ ಕಾಲು ಸಾಕು ಅಂತ ಅವ್ರು. ಎರಡೂ ನೋಡಿದ್ರೆ ನಮಗೂ ಒಳ್ಳೇದೇ, ಆದ್ರೆ ಮೊದ್ಲು ಆ ಸಾಲೇ ಬರ್ಬೇಕು ಅಂತ ಮೇಡಂ. ಈಗ ಎಲ್ಲರ ಫೋನಲ್ಲೂ ಹಂಗೇ ಬರುತ್ತೆ."

ನಾನು ಫೋನನ್ನು ಮಾವನ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು. 'ಮೊದಲು ಬಲಗಾಲು ತೋರಿಸಿ.' ಮತ್ತೊಮ್ಮೆ ಓದಿದರು. ಬಲಗಾಲನ್ನು ಟವೆಲ್ಲಿನಿಂದ ಒರೆಸಿ ಮುಂದಿಟ್ಟರು. ತೆಗೆದಾಯಿತು. ಆಮೇಲೆ ಬಂತು, 'ಈಗ ಎಡಗಾಲು.' ಅದನ್ನೂ ಇಟ್ಟರು. ಈ ಸಲ ಮುಖ ತಿರುಗಿಸಲಿಲ್ಲ. ನಾನು ಅಡ್ಡ ಬೆರಳು ಇಡಬೇಕಾಗಲಿಲ್ಲ.

"ನೋಡವ್ವ," ಎಂದರು, "ನಾನು ಕಲೀಬೇಕಿತ್ತು. ಆಯಮ್ಮ ನನಗೋಸ್ಕರ ಇದಕ್ಕೆ ಕಲಿಸ್ಯಾಳೆ."

ಫೋನನ್ನು ಕಣ್ಣಿಗೆ ಒತ್ತಿಕೊಂಡು ನನಗೆ ಕೊಟ್ಟರು. ಮಗ್ಗದ ಹತ್ತಿರ ಹೋಗಿ, ಮಗ್ಗ ಮುಟ್ಟಿ ನಮಸ್ಕರಿಸಿ, ಬಲಗಾಲನ್ನು ಗುಂಡಿಗೆ ಇಳಿಸಿದರು. ನಾನು ಲಾಳಿ ಹಿಡಿದು ಕಾದೆ. ಅವರು ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನ ಅಡಿಯ ಗುಳಿಯನ್ನು ಹೆಬ್ಬೆಟ್ಟಿನಿಂದ ಸವರಿ ಚೆನ್ನಾಗಿ ನೋಡಿದರು. ಆಮೇಲೆ ಕೆಳಗಿಳಿಸಿದರು.